ಐಸ್ ಕೌಂಟರ್, ಟ್ರೇ, ಆ್ಯಪ್: ಬೆಂಗಳೂರಿನಲ್ಲಿ ಮೀನು ಎಲ್ಲಿ ಕೊಳ್ಳುವುದು?

ಮೊದಲೇ ಹೇಳಿಬಿಡುತ್ತೇನೆ. ಸೂಪರ್‌ಮಾರ್ಕೆಟ್ಟಿನಲ್ಲಿ ಐಸ್ ಮೇಲೆ ಇಡೀ ಮೀನು ಹರಡಿಟ್ಟು, ಕೇಳಿದ ಹಾಗೆ ಕತ್ತರಿಸಿಕೊಡುವ ಕೌಂಟರ್ ಇರುವವರೆಗೂ ನನ್ನ ಓಟು ಅದಕ್ಕೇ. ಆದರೆ ಅಂಥ ಕೌಂಟರುಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿವೆ. ಐಸ್ ಕಟ್ಟೆ ಅರ್ಧಕ್ಕಿಳಿದು, ಉಳಿದ ಜಾಗಕ್ಕೆ ಪ್ಲಾಸ್ಟಿಕ್ ಟ್ರೇಗಳ ಚಿಲ್ಲರ್ ಬರುತ್ತಿದೆ. ಬ್ರಿಟನ್ನಿನಲ್ಲಿ ಇದು ಈಗಾಗಲೇ ಆಗಿಹೋಗಿದೆ: ಸೇನ್ಸ್‌ಬರೀಸ್ ತನ್ನ ಮಾಂಸ, ಮೀನಿನ ಕೌಂಟರುಗಳನ್ನು ಮುಚ್ಚುವುದಾಗಿ 2020ರಲ್ಲಿ ಹೇಳಿತು, ಟೆಸ್ಕೊ ಉಳಿಸಿಕೊಂಡಿದ್ದವನ್ನೂ 2023ರಲ್ಲಿ ಮುಚ್ಚಿತು. ಅಂಗಡಿಯವರ ಲೆಕ್ಕ ಅರ್ಥವಾಗುತ್ತದೆ. ಕೌಂಟರಿಗೆ ಕೈ ಪಳಗಿದವರು ಬೇಕು, ದಿನವೂ ಹೊಸ ಐಸ್ ಬೇಕು, ರಾತ್ರಿ ಉಳಿದದ್ದೆಲ್ಲ ನಷ್ಟ. ಟ್ರೇಗೆ ಇದಾವುದೂ ಬೇಡ.

ಕೌಂಟರ್, ಅದೇ ಅಂಗಡಿಯ ಟ್ರೇ, ಮನೆಗೆ ತಂದುಕೊಡುವ ಆ್ಯಪ್ ಮೂರರಲ್ಲೂ ಬಂಗುಡೆ, ಬೂತಾಯಿ (ಸಾರ್ಡೀನ್), ಅಂಜಲ್ (ಸೀರ್ ಫಿಶ್), ಸಿಗಡಿ ಕೊಂಡು ಅಡುಗೆ ಮಾಡಿ ನೋಡಿದ ಮೇಲಿನ ಹೋಲಿಕೆ ಇದು.

ಬೆಲೆ ನೋಡುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಕೌಂಟರಿನ ದರ ಇಡೀ ಮೀನಿನದು, ಟ್ರೇಯದು ಶುಚಿ ಮಾಡಿದ ಮೀನಿನದು. ಬಂಗುಡೆಯ ತಲೆ, ಕರುಳು ತೆಗೆದರೆ ಕಿಲೋಗೆ ಉಳಿಯುವುದು ಸುಮಾರು 600ರಿಂದ 650 ಗ್ರಾಂ. ಅಂದರೆ ಕೌಂಟರಿನಲ್ಲಿ ₹300 ಇದ್ದರೆ ಶುಚಿಯಾದ ಮೀನಿಗೆ ಕಿಲೋಗೆ ₹480 ಬಿದ್ದಂತೆ. ಟ್ರೇಯ ದರ ಅದಕ್ಕಿಂತ ಮೇಲಿದ್ದರೆ ಮಾತ್ರ ಅದು ದುಬಾರಿ. ಸಿಗಡಿಯಲ್ಲಿ ತಲೆ, ಚಿಪ್ಪು, ನರ ಹೋಗಿ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಆ್ಯಪಿನಲ್ಲಿ ಶುಚಿಗೆ ಮುಂಚಿನ ತೂಕ, ನಂತರದ ತೂಕ ಎರಡೂ ಬರೆದಿರುತ್ತಾರೆ. ಬೆಲೆಯನ್ನು ಚಿಕ್ಕ ಅಕ್ಷರದಲ್ಲಿರುವ ಎರಡನೆಯದರಿಂದ ಭಾಗಿಸಿ ನೋಡಿ. ತಲೆ ಹಾಕಿ ಸಾರು ಮಾಡುವ ಮನೆಯಾದರೆ ಕೌಂಟರೇ ಅಗ್ಗ, ಏಕೆಂದರೆ ಟ್ರೇಯಲ್ಲಿ ತಲೆ ಸಿಗುವುದೇ ಇಲ್ಲ.

ಟ್ರೇಯ ಮೇಲಿನ ‘ಪ್ಯಾಕ್ ಮಾಡಿದ ದಿನ’ ಮೀನು ಹಿಡಿದ ದಿನವಲ್ಲ. ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟ್ ದಕ್ಕೆಗೆ ಮರಳಲು ವಾರದ ಮೇಲೂ ಆಗುತ್ತದೆ. ಅದರಲ್ಲಿ ಬಂದ ಅಂಜಲ್ ನಿನ್ನೆ ಪ್ಯಾಕ್ ಆಗಿದ್ದರೂ ಐಸ್‌ನಲ್ಲಿ ಎಷ್ಟು ದಿನ ಕಳೆದಿದೆಯೋ ಚೀಟಿ ಹೇಳುವುದಿಲ್ಲ. ಹೇಳುವುದು ಕಿವಿರು, ಕಣ್ಣು, ಹೊಟ್ಟೆ. ಕಿವಿರು ಕೆಂಪಾಗಿ ಲೋಳೆ ತಿಳಿಯಾಗಿರಬೇಕು, ಕಣ್ಣು ಉಬ್ಬಿರಬೇಕು, ಬೂತಾಯಿಯ ಹೊಟ್ಟೆ ಒಡೆದಿರಬಾರದು. ತಲೆ ಕತ್ತರಿಸಿದ ಟ್ರೇಯಲ್ಲಿ ಈ ಮೂರೂ ಕೈಬಿಟ್ಟು ಹೋಗುತ್ತವೆ.

ನೀರಿನ ಕಾಟ

ಟ್ರೇಯಲ್ಲಿ ನನಗೆ ಸಹಿಸಲಾಗದ್ದು ನೀರು. ಕತ್ತಿ ಬಿದ್ದ ಕ್ಷಣದಿಂದ ಮೀನಿನ ರಸ ಇಳಿಯತೊಡಗುತ್ತದೆ. ತುಂಡು ಚಿಕ್ಕದಾದಷ್ಟೂ ಕೊಯ್ದ ಮೈ ಹೆಚ್ಚು, ಇಳಿಯುವುದೂ ಹೆಚ್ಚು. ಅದನ್ನು ಹೀರಲೆಂದೇ ತಳದಲ್ಲಿ ಬಿಳಿ ಪ್ಯಾಡ್ ಇಟ್ಟಿರುತ್ತಾರೆ. ಮರುದಿನ ಸಂಜೆಯ ಹೊತ್ತಿಗೆ ಆ ಪ್ಯಾಡ್ ಕೆಂಪಾಗಿ ಊದಿ, ತಳದ ತುಂಡುಗಳು ಅದರ ಮೇಲೇ ನೆನೆದು ಮೆತ್ತಗಾಗಿರುತ್ತವೆ. ಪ್ಯಾಡ್ ತೆಗೆದು ಮೀನನ್ನಷ್ಟೇ ತೂಗಿದರೆ ಚೀಟಿಯ ತೂಕ ಬರುವುದಿಲ್ಲ.

ತೂಕಕ್ಕಿಂತ ದೊಡ್ಡ ತೊಂದರೆ ಕಾವಲಿಯಲ್ಲಿ. ಒದ್ದೆ ತುಂಡಿಗೆ ಮಸಾಲೆ ಹಿಡಿಯುವುದಿಲ್ಲ. ರವೆ ಹೊರಳಿಸಿ ಎಣ್ಣೆಗೆ ಹಾಕಿದ ಕೂಡಲೇ ನೀರು ಬಿಟ್ಟು ಕಾವಲಿಯ ಕಾವು ಇಳಿಯುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ, ಮಗುಚಿದಾಗ ರವೆಯೆಲ್ಲ ಕಾವಲಿಗೇ ಅಂಟಿಕೊಳ್ಳುತ್ತದೆ.

ಟ್ರೇಯೇ ಗತಿಯಾದಾಗ ಹೀಗೆ ಮಾಡಿ. ತಂದ ಕೂಡಲೇ ಪ್ಯಾಡ್ ಎಸೆದು, ತುಂಡುಗಳನ್ನು ಒಮ್ಮೆ ಬೇಗ ತೊಳೆದು ಬಟ್ಟೆಯಲ್ಲಿ ಒತ್ತಿ. ಅರ್ಧ ಕಿಲೋಗೆ ಒಂದು ಚಿಕ್ಕ ಚಮಚ ಉಪ್ಪು ಸವರಿ, ಜರಡಿಯಲ್ಲಿ ಹತ್ತು ನಿಮಿಷ ಇಡಿ. ಇಳಿದ ನೀರು ಚೆಲ್ಲಿ ಮತ್ತೆ ಒರೆಸಿ. ಮಸಾಲೆಗೆ ನೀರು ಹಾಕದೆ ಗಟ್ಟಿ ಹುಣಸೆ ರಸದಲ್ಲೇ ಕಲಸಿ ಹಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಆಗಲೇ ಉಪ್ಪು ಹಿಡಿದಿರುವುದರಿಂದ ಮಸಾಲೆಗೆ ಉಪ್ಪು ಕಡಿಮೆ ಹಾಕಬೇಕು. ಇಷ್ಟು ಮಾಡಿದರೆ ಅಂಜಲ್ ನಿಲ್ಲುತ್ತದೆ. ಬೂತಾಯಿ ನಿಲ್ಲುವುದಿಲ್ಲ, ಟ್ರೇಯ ಬೂತಾಯಿಯನ್ನು ಹುಳಿ ಖಾರದ ಪುಳಿಮುಂಚಿ ಸಾರಿಗಷ್ಟೇ ಬಳಸಿ.

ಇದರ ಜೊತೆಗೆ ದಪ್ಪದ ಸಮಸ್ಯೆ. ಟ್ರೇಯ ಅಂಜಲ್ ತುಂಡುಗಳು ಹೆಚ್ಚಾಗಿ ಮುಕ್ಕಾಲು ಇಂಚಿನ ಮೇಲೆಯೇ ಇರುತ್ತವೆ. ಗಸಿಗೆ ಅದು ಸರಿ; ಫ್ರೈಗೆ ಅರ್ಧ ಇಂಚು ಸಾಕು, ಅದಕ್ಕಿಂತ ದಪ್ಪವಾದರೆ ಮೇಲೆ ಮಸಾಲೆ ಸೀದು ಮುಳ್ಳಿನ ಬಳಿ ಹಸಿ ಉಳಿಯುತ್ತದೆ. ಕೌಂಟರಿನಲ್ಲಿ ಒಂದೇ ಮೀನನ್ನು ಬಾಲದ ಕಡೆ ಫ್ರೈಗೆ ತೆಳ್ಳಗೆ, ಹೊಟ್ಟೆಯ ಕಡೆ ಗಸಿಗೆ ದಪ್ಪ ಎಂದು ಕತ್ತರಿಸಿಕೊಡುತ್ತಾರೆ. ಬಂಗುಡೆಗೆ ‘ತಲೆ ಇರಲಿ, ಎರಡೂ ಬದಿ ಮೂರು ಗೀರು ಹಾಕಿ, ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ ತೆಗೆಯಿರಿ’ ಎಂದು ಹೇಳಲು ಅಲ್ಲೊಬ್ಬರು ಇರುತ್ತಾರಲ್ಲ, ಕೌಂಟರಿನ ಬೆಲೆಯೆಲ್ಲ ಅದರಲ್ಲೇ ಇದೆ.

ಆ್ಯಪ್

ಟ್ರೇಗಿಂತ ಮೇಲು. ಅಡುಗೆಗೆ ಸ್ವಲ್ಪ ಮುಂಚೆ ತರಿಸಿದರೆ ಜೆಲ್ ಪ್ಯಾಕ್ ಗಟ್ಟಿಯಾಗಿರುವಾಗಲೇ ಮೀನು ಒಲೆ ಸೇರುತ್ತದೆ. ಪ್ಯಾಕ್ ಕರಗಿ ಮೀನು ಬೆಚ್ಚಗಿದ್ದರೆ ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಮೀನುಗಳನ್ನು ವಾಪಸ್ ಕಳಿಸಿ. ಈ ಜಾತಿಯ ಮೀನುಗಳಲ್ಲಿ ತಂಪು ತಪ್ಪಿದರೆ ಹಿಸ್ಟಮಿನ್ ಹುಟ್ಟುತ್ತದೆ; ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ.

ಕೌಂಟರಿನ ದೋಷ

ಫ್ರೋಜನ್ ಮೀನನ್ನು ಕರಗಿಸಿ ಐಸ್ ಮೇಲೆ ಹರಡಿ ತಾಜಾ ಎಂದು ಮಾರುವುದುಂಟು. ಬೆರಳಿನಲ್ಲಿ ಒತ್ತಿ ನೋಡಿ: ಗುಳಿ ಹಾಗೇ ನಿಂತರೆ, ನೀರು ಜಿನುಗಿದರೆ, ಕಣ್ಣು ಮಸುಕಾಗಿ ಒಳಗಿಳಿದಿದ್ದರೆ ಬಿಟ್ಟುಬಿಡಿ. ಐಸ್ ಮೀನಿನ ಕೆಳಗಷ್ಟೇ ಇದ್ದರೂ ಸಾಲದು, ಮೇಲೂ ಮುಚ್ಚಿರಬೇಕು. ಬೆಳಿಗ್ಗೆಯೇ ಕತ್ತರಿಸಿ ಐಸ್ ಮೇಲೆ ಜೋಡಿಸಿಟ್ಟ ತುಂಡು ಕೊಳ್ಳಬೇಡಿ. ಅದು ಪ್ಯಾಡ್ ಇಲ್ಲದ ಟ್ರೇ ಅಷ್ಟೇ. ಕತ್ತರಿಸುವವರು ಯಾವ ಹೊತ್ತಿಗೆ ಇರುತ್ತಾರೆಂದು ಕೇಳಿಕೊಂಡೇ ಹೋಗಿ. ಈಗ ಅನೇಕ ಕಡೆ ಒಂದೇ ಪಾಳಿಗೆ ಜನ.

ವಾರಕ್ಕೆರಡು ಸಲ ಮೀನು ಮಾಡುವ, ತಲೆಯನ್ನೂ ಬಿಡದ, ಬಂಗುಡೆ ಬೂತಾಯಿಯೇ ಹೆಚ್ಚು ಬೇಕಾದ ನಮ್ಮಂಥ ಮನೆಗೆ ಕೌಂಟರ್ ಬಿಟ್ಟು ಬೇರೆ ಬೇಡ. ಒಬ್ಬರೇ ಇದ್ದು ಕಾಲು ಕಿಲೋ ಬೇಕಾದವರಿಗೆ ಆ್ಯಪ್. ಟ್ರೇ ಅಂಜಲ್ ಗಸಿಗೆ ಮಾತ್ರ. ಸಿಗಡಿಗೆ ನಾನು ಫ್ರೋಜನ್ ಪ್ಯಾಕೆಟನ್ನೇ ತರುತ್ತೇನೆ, ಸುಲಿಯುವ ಕೆಲಸ ತಪ್ಪುತ್ತದೆ. ಮೇಲಿನ ಐಸ್ ಪದರ ಬಿಟ್ಟು ನಿವ್ವಳ ತೂಕ ಎಷ್ಟೆಂದು ನೋಡಿ ಕೊಳ್ಳಬೇಕು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧವೂ ಜೂನ್ 14ರವರೆಗೆ ಇರುವುದರಿಂದ ಜೂನ್ ಮೊದಲರ್ಧದಲ್ಲಿ ಕೌಂಟರಿನ ಸಮುದ್ರ ಮೀನು ಕರಗಿಸಿದ ಫ್ರೋಜನ್ ಇರಬಹುದು, ಎರಡೆರಡು ಸಲ ಒತ್ತಿ ನೋಡಿ. ಆ ದಿನಗಳಲ್ಲಿ ಆಂಧ್ರದ ಕೆರೆಗಳಿಂದ ಬರುವ ರೋಹು, ಕಾಟ್ಲಾ ಕೊಳ್ಳುವುದೇ ಮೇಲು. ಎರಡು ಕಿಲೋ ಹತ್ತಿರದ ಮೀನು ಆರಿಸಿ, ಅಡ್ಡಕ್ಕೆ ಮುಕ್ಕಾಲು ಇಂಚು ದಪ್ಪಕ್ಕೆ ಕತ್ತರಿಸಲು ಹೇಳಿ. ಚಿಕ್ಕ ಮೀನಾದರೆ ಮುಳ್ಳು ಆರಿಸುವುದೇ ಕೆಲಸವಾಗುತ್ತದೆ.