ಹೆಣೆಯುವವರೇ, 650 ರೂಪಾಯಿಯ ‘ಮೆರಿನೊ’ಗೆ ಮರುಳಾಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಮೆರಿನೊ ಅಂದರೆ ಅದೇ ಹೆಸರಿನ ತಳಿಯ ಕುರಿಯ ನಯವಾದ ಉಣ್ಣೆ. ಮೊಬೈಲಿನಲ್ಲಿ ‘ಕೈಯಲ್ಲೇ ಬಣ್ಣ ಹಾಕಿದ ನೂರಕ್ಕೆ ನೂರು ಮೆರಿನೊ ಉಣ್ಣೆ, 100 ಗ್ರಾಮಿನ ಲಡಿಗೆ 650 ರೂಪಾಯಿ’ ಅಂತ ಚಂದದ ಫೋಟೊ ಕಂಡರೆ, ಮಾರುವವರ ಊರು, ವಿಳಾಸ ಎಲ್ಲೂ ಇಲ್ಲದಿದ್ದರೆ, ದುಡ್ಡು ಹಾಕಬೇಡಿ. ನಾನು ಹಾಕಿದೆ. 2,800 ರೂಪಾಯಿ ಹೋಯಿತು. ಅದಕ್ಕಿಂತ ಬೇಸರ, ಒಂದೂವರೆ ತಿಂಗಳಿನ ಮಧ್ಯಾಹ್ನಗಳು ಹೋದವು.

ನಮ್ಮದು ಕಾಸರಗೋಡಿನಿಂದ ಒಳಗೆ, ಬದಿಯಡ್ಕದ ಕಡೆ, ತೋಟದ ಮನೆ. ಈ ಸೆಕೆಯ ಊರಿನಲ್ಲಿ ಸ್ವೆಟರ್ ಯಾರಿಗೆ ಅಂತ ಬಂದವರೆಲ್ಲ ಕೇಳುತ್ತಾರೆ. ಸರಿಯೇ. ಧನು ತಿಂಗಳಲ್ಲಿ ಬೆಳಗ್ಗೆ ಒಂದು ಗಂಟೆ ಚಳಿ ಬಿಟ್ಟರೆ ಇಲ್ಲಿ ಉಣ್ಣೆಗೆ ಕೆಲಸವಿಲ್ಲ. ಆದರೆ ಊಟದ ಪಾತ್ರೆ ತೊಳೆದು, ಮಾವ ಮಲಗಿದ ಮೇಲೆ ಸಿಗುವ ಒಂದು ಗಂಟೆ ನನ್ನದು. ಜಗಲಿಯ ತುದಿಯಲ್ಲಿ ಕಡ್ಡಿ ಹಿಡಿದು ಕೂತರೆ ಯಾರೂ ಮಾತಾಡಿಸುವುದಿಲ್ಲ. ಅಷ್ಟು ಸಾಕು ನನಗೆ.

ಈ ಸಲ ಮಾತ್ರ ನಿಜವಾದ ಕಾರಣ ಇತ್ತು. ತಂಗಿಯನ್ನು ಕೊಟ್ಟದ್ದು ಮಡಿಕೇರಿಗೆ. ಅವಳ ಮಗಳಿಗೆ ಎರಡು ವರ್ಷ ತುಂಬುತ್ತಿತ್ತು. ಅಲ್ಲಿನ ಡಿಸೆಂಬರ್ ಚಳಿ ನಮ್ಮ ಒಂದು ಗಂಟೆಯ ಚಳಿಯ ಹಾಗಲ್ಲ. ಮಗು ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ ಏಳುವುದೇ ಇಲ್ಲವಂತೆ. ಅವಳಿಗೊಂದು ಸ್ವೆಟರ್, ಅದೇ ಬಣ್ಣದ ಟೋಪಿ, ಎರಡೂ ಒಳ್ಳೆಯ ಉಣ್ಣೆಯಲ್ಲೇ ಆಗಬೇಕು ಅಂತ ಮನಸ್ಸು ಮಾಡಿದೆ.

ಇಲ್ಲಿ ಒಂದು ಮಾತು. ನಾವು ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವುದನ್ನೆಲ್ಲ ‘ಉಲ್ಲನ್’ ಅಂತಲೇ ಕರೆಯುತ್ತೇವೆ ಅಲ್ವಾ? ಅದರಲ್ಲಿ ಹೆಚ್ಚಿನದು ಅಕ್ರಿಲಿಕ್. ಪೆಟ್ರೋಲಿಯಂನಿಂದ ಬರುವ ನೂಲು, ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಕೆಟ್ಟದು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯ ಬಾಗಿಲ ತೋರಣ, ದೇವರ ಮಣೆಯ ಮ್ಯಾಟು, ಒಂದು ಕಾಲದಲ್ಲಿ ಟಿವಿಯ ಕವರು, ಎಲ್ಲ ಅದರದ್ದೇ. ಒಗೆದರೂ ಹಾಳಾಗುವುದಿಲ್ಲ, ಹುಳ ತಿನ್ನುವುದಿಲ್ಲ, ಕಡಿಮೆಗೆ ಸಿಗುತ್ತದೆ. ಅಕ್ರಿಲಿಕ್ ಅಂತ ಹೇಳಿ ಅಕ್ರಿಲಿಕ್ ಮಾರಿದರೆ ನನ್ನದೇನೂ ತಕರಾರಿಲ್ಲ.

ಜೂನ್ ಮೊದಲ ವಾರ, ಮಳೆ ಆಗಷ್ಟೇ ಹಿಡಿದಿತ್ತು. ಆ ಪುಟ ಕಣ್ಣಿಗೆ ಬಿತ್ತು. ಬಣ್ಣ ನೋಡಿಯೇ ನಾನು ಸೋತದ್ದು. ಈಗ ಕೊಯ್ದ ವೀಳ್ಯದೆಲೆಯ ಹಸಿರು, ನಡುನಡುವೆ ಸ್ವಲ್ಪ ಕಪ್ಪಿಗೆ ತಿರುಗಿದ ಹಾಗೆ. ಬೇರೆ ಕಡೆ ನಾನು ನೋಡಿದ ಕೈಬಣ್ಣದ ಮೆರಿನೊ ಎಲ್ಲ ಸಾವಿರದ ಮೇಲೆಯೇ ಇತ್ತು. ಇದಕ್ಕೆ ಮಾತ್ರ 650. ‘ಮಧ್ಯವರ್ತಿ ಇಲ್ಲ, ನೇರ ನಿಮ್ಮ ಮನೆಗೆ’ ಅಂತ ಬರೆದಿದ್ದರು. ನಾನೂ ಅದನ್ನೇ ನಂಬಿದೆ, ನಂಬುವ ಮನಸ್ಸು ಇತ್ತಲ್ಲ. ಮೂರು ಲಡಿಗೆ 1,950, ಕೊರಿಯರಿಗೆ 120. ಗೂಗಲ್ ಪೇ ಮಾಡಿದೆ. ಬಿಲ್ಲು ಕೇಳಲಿಲ್ಲ.

ನಮ್ಮಲ್ಲಿಗೆ ಕೊರಿಯರಿನವನು ಬರುವುದಿಲ್ಲ, ಇಳಿಜಾರು ಜಾಸ್ತಿ. ‘ಚೇಚಿ, ಪಾರ್ಸೆಲ್ ಉಂಡ್’ ಅಂತ ಫೋನು ಮಾಡಿ ಮೇಲಿನ ರಸ್ತೆಯ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ಕೊಡೆ ಹಿಡಿದು ಹೋಗಿ ತಂದೆ. ಬಿಡಿಸಿದರೆ ಮೂರು ಲಡಿ, ಒಂದು ಧನ್ಯವಾದದ ಚೀಟಿ, ಎರಡು ಚಾಕಲೇಟು. ಲೇಬಲ್ಲಿನಲ್ಲಿ ಬಣ್ಣಕ್ಕೊಂದು ಇಂಗ್ಲಿಷ್ ಹೆಸರು ಮಾತ್ರ. ಎಷ್ಟು ಮೀಟರ್ ಇದೆ, ಬಣ್ಣದ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಯಾವುದು, ಯಾವ ನೂಲು ಎಷ್ಟು ಪಾಲು, ಒಂದೂ ಇಲ್ಲ. ಅಲ್ಲಿಯೇ ನಿಲ್ಲಬೇಕಿತ್ತು ನಾನು.

ಮತ್ತೆ ಬಂದ ಒಂದೊಂದು ಸುಳಿವಿಗೂ ನಾನೇ ಸಬೂಬು ಹುಡುಕಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಒಂದು ಲಡಿ 91 ಗ್ರಾಮ್. ಮಳೆಗಾಲ, ತಕ್ಕಡಿಗೆ ತೇವ ಹಿಡಿದಿರಬೇಕು ಅಂದುಕೊಂಡೆ. ನಿಜವಾಗಿ ಅದು ಉಲ್ಟಾ ಆಗಬೇಕಿತ್ತು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಗಾಳಿಯಿಂದ ಹೀರಿಕೊಳ್ಳಬಲ್ಲದು, ಮುಟ್ಟಿದರೆ ಒದ್ದೆ ಅನಿಸುವುದೂ ಇಲ್ಲ. ನಮ್ಮ ಜೂನಿನಲ್ಲಿ ನಿಜವಾದ ಉಣ್ಣೆಯ ಲಡಿ ಭಾರ ಆಗಬೇಕು, ಹಗುರ ಆಗುವುದಲ್ಲ. ವಾಸನೆಯೂ ಬರಬೇಕು. ಹಿಮಾಚಲದ ಕುಲುವಿಗೆ ಪ್ರವಾಸ ಹೋದಾಗ ತಂದ ಉಣ್ಣೆಯ ಒಂದು ಉಂಡೆ ನನ್ನ ಬುಟ್ಟಿಯಲ್ಲಿ ಉಂಟು. ಆಟಿ, ಅಂದರೆ ಜೋರು ಮಳೆಯ ತಿಂಗಳು, ಬಂತೆಂದರೆ ಒದ್ದೆ ಕಂಬಳಿಯ ವಾಸನೆ ಶುರು ಮಾಡುತ್ತದೆ. ಈ ಹೊಸ ಹಸಿರಿಗೆ ಬರೇ ಸೋಪಿನ ವಾಸನೆ.

ಇನ್ನೊಂದು. ಉಣ್ಣೆಯ ಎರಡು ತುದಿ ಸೇರಿಸಲು ನಾನು ಗಂಟು ಹಾಕುವುದಿಲ್ಲ. ಎರಡೂ ತುದಿ ಬಿಡಿಸಿ, ಒಂದರ ಮೇಲೊಂದು ಇಟ್ಟು, ಸ್ವಲ್ಪ ನೀರು ಹಚ್ಚಿ, ಅಂಗೈಯಲ್ಲಿ ಬಿಸಿಯಾಗುವಂತೆ ಉಜ್ಜಿದರೆ ಒಂದೇ ಎಳೆ ಆಗುತ್ತದೆ. ಇದನ್ನು ಉಜ್ಜಿ ಉಜ್ಜಿ ಅಂಗೈ ಕೆಂಪಾಯಿತು, ಎಳೆ ಸೇರಲಿಲ್ಲ. ಮೆಷಿನ್ನಿನಲ್ಲಿ ಒಗೆಯಬಹುದಾದ ‘ಸೂಪರ್‌ವಾಶ್’ ಮೆರಿನೊ ಹೀಗೆ ಸೇರುವುದಿಲ್ಲ, ಅದು ನನಗೆ ಗೊತ್ತಿತ್ತು. ಹಾಗಾದರೆ ಇದು ಸೂಪರ್‌ವಾಶ್ ಅಂತ ನಾನೇ ತೀರ್ಮಾನ ಕೊಟ್ಟೆ. ಮಾರಿದವರು ಕೂಡ ಅಷ್ಟು ಚಂದ ಸುಳ್ಳು ಹೇಳಿರಲಿಲ್ಲ!

4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ. ಅಳತೆ ಸರಿ ಬಂತು. ಆಟಿಯ ಮಳೆ ಹೊಡೆಯುತ್ತಿದ್ದಾಗ ಬೆನ್ನು, ಎರಡು ಎದೆಭಾಗ, ಒಂದು ತೋಳು ಮುಗಿಸಿದೆ. ಎರಡನೇ ತೋಳಿನ ಅರ್ಧಕ್ಕೆ ನೂಲು ಮುಗಿಯಿತು. ಮುಗಿಯದೆ ಏನು, ಲಡಿಗೆ ಒಂಬತ್ತು ಗ್ರಾಮ್ ಕಡಿಮೆ ಕೊಟ್ಟರೆ! ಟೋಪಿಯೂ ಬಾಕಿ. ಇನ್ನೊಂದು ಲಡಿ ತರಿಸಿದೆ, 730 ರೂಪಾಯಿ, ಕೊರಿಯರ್ ಸೇರಿ. ‘ಸೇಮ್ ಕಲರ್ ಮೇಡಂ, ಡೋಂಟ್ ವರಿ’ ಅಂತ ಮೆಸೇಜು ಬಂತು.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ಬಿಸಿಲು ಬಂತು ಅಂತ ಅಂಗಳದ ಬದಿಯ ತಂತಿಯಲ್ಲಿ ಹರಡಿದೆ. ಮಾವ ಜಗಲಿಯಲ್ಲಿ ಎಲೆಯ ಬೆನ್ನಿಗೆ ಸುಣ್ಣ ಹಚ್ಚುತ್ತಿದ್ದರು. ಕತ್ತೆತ್ತಿ ನೋಡಿ, ‘ಎಂತ, ಒಂದು ತೋಳು ಎಳೆ ಎಲೆ, ಒಂದು ತೋಳು ಬಲಿತ ಎಲೆ?’ ಅಂದರು. ಎಪ್ಪತ್ತು ದಾಟಿದವರ ಕಣ್ಣಿಗೆ ಕಂಡದ್ದು ನನಗೆ ಕಂಡಿರಲಿಲ್ಲ. ಮೊಣಕೈಯ ಹತ್ತಿರ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿತ್ತು.

ಕೈಬಣ್ಣದ ನೂಲಿನಲ್ಲಿ ಇದು ಮೋಸ ಇಲ್ಲದೆಯೂ ಆಗುವಂಥದ್ದು, ಅದನ್ನು ಒಪ್ಪುತ್ತೇನೆ. ಒಂದೇ ಪಾತ್ರೆಯಿಂದ ತೆಗೆದ ಲಡಿಗಳೂ ಒಂದೇ ಹಾಗೆ ಇರುವುದಿಲ್ಲ. ಅದಕ್ಕೇ ಬೇಕಾದಷ್ಟನ್ನು ಒಂದೇ ಸಲ, ಒಂದು ಲಡಿ ಹೆಚ್ಚೇ ತರಿಸಬೇಕು. ಎರಡು ಲಡಿ ಒಟ್ಟಿಗೆ ಇಟ್ಟುಕೊಂಡು ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ ಹೆಣೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ.

ನೂಲೇ ಸುಳ್ಳು ಅಂತ ಗೊತ್ತಾದದ್ದು ಅತ್ತೆಯಿಂದ. ಜಗಲಿ ಗುಡಿಸುವಾಗ ನಾನು ಕತ್ತರಿಸಿ ಬಿಟ್ಟ ತುಂಡು ನೂಲುಗಳನ್ನು ಒಟ್ಟು ಮಾಡಿ ಬಚ್ಚಲೊಲೆಗೆ ಹಾಕಿದ್ದರು. ಅಲ್ಲಿಂದಲೇ ಕೂಗಿದರು.

‘ಇಲ್ಲಿ ಬಾ ಮಾರಾಯ್ತಿ. ಇದು ಕುರಿದ್ದು ಅಂತ ಹೇಳಿದ್ದಲ್ವಾ ನೀನು?’

‘ಹೌದು ಅತ್ತೆ.’

‘ಕಂಬಳಿಗೆ ಕಿಡಿ ಬಿದ್ದರೆ ಕೂದಲು ಸುಟ್ಟ ವಾಸನೆ ಬರ್ತದೆ. ಇದು ಬಕೆಟ್ ಸುಟ್ಟ ವಾಸನೆ.’

ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದ ಕಾಲ ನೋಡಿದವರು ಅವರು. ಅವರ ಮೂಗಿನ ಮುಂದೆ ಲೇಬಲ್ಲು ಯಾವ ಲೆಕ್ಕ?

ನಾನು ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಾಗಿಸಿದೆ. ಕೆಳಗೆ ಸ್ಟೀಲ್ ತಟ್ಟೆಯಲ್ಲಿ ನೀರು ಇಟ್ಟಿದ್ದೆ, ನೀವು ಮಾಡುವುದಾದರೂ ಹಾಗೇ ಮಾಡಿ. ಎಳೆ ಮೊದಲು ಮುದುಡಿತು, ಮತ್ತೆ ಕರಗಿ ಹೊತ್ತಿತು, ಕಪ್ಪು ಹೊಗೆ ಬಿಟ್ಟು ಟಪ್ ಅಂತ ಒಂದು ತೊಟ್ಟು ತಟ್ಟೆಗೆ ಬಿತ್ತು. ತುದಿಯಲ್ಲಿ ಉಳಿದದ್ದು ಸಾಸಿವೆಯಷ್ಟು ಕಪ್ಪು ಮಣಿ. ತಣಿದ ಮೇಲೆ ಉಗುರಿನಲ್ಲಿ ಒತ್ತಿದರೂ ಒಡೆಯಲಿಲ್ಲ. ಕುಲುವಿನ ಉಣ್ಣೆಯನ್ನು ಹಿಡಿದರೆ ಅದು ಹೊತ್ತಲಿಕ್ಕೇ ಕೊಸರಾಡಿತು. ದೀಪದಿಂದ ಈಚೆ ತೆಗೆದ ಕೂಡಲೇ ತಾನಾಗಿ ಆರಿತು, ಕೂದಲು ಸುಟ್ಟ ನಾತ. ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದು ಬಣ್ಣದ ಹಗುರ ಬೂದಿ ಬಿಡುತ್ತದೆ.

ಸಮಾಧಾನ ಆಗಲಿಲ್ಲ. ಎರಡು ಗಾಜಿನ ಲೋಟದಲ್ಲಿ ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಸ್ವಲ್ಪ ಸ್ವಲ್ಪ ಹಾಕಿ, ಒಂದರಲ್ಲಿ ಕುಲುವಿನ ತುಂಡು, ಇನ್ನೊಂದರಲ್ಲಿ ಹಸಿರು ತುಂಡು ಮುಳುಗಿಸಿ ಹಿತ್ತಲ ಕಟ್ಟೆಯಲ್ಲಿ ಇಟ್ಟೆ. ಉಣ್ಣೆ, ರೇಷ್ಮೆ ಎರಡೂ ಬ್ಲೀಚಿನಲ್ಲಿ ಕರಗುತ್ತವೆ, ಅಕ್ರಿಲಿಕ್ ಕರಗುವುದಿಲ್ಲ. ಬೆಳಗ್ಗೆ ನೋಡಿದರೆ ಒಂದು ಲೋಟದಲ್ಲಿ ನೂಲೇ ಇಲ್ಲ. ಇನ್ನೊಂದರಲ್ಲಿ ಸ್ವಲ್ಪ ಬಿಳಿಚಿಕೊಂಡು, ಹಾಗೇ ಮಲಗಿತ್ತು.

ನನಗೆ ಕೈಕಾಲು ತಣ್ಣಗಾದದ್ದು ದುಡ್ಡಿಗಲ್ಲ. ಆ ಮಗು ಬಚ್ಚಲೊಲೆಯ ಮುಂದೆ ಕೂರುತ್ತದೆ ಅಂದೆನಲ್ಲ. ಉಣ್ಣೆಗೆ ಕಿಡಿ ಬಿದ್ದರೆ ಅದು ಹೆಚ್ಚಾಗಿ ತಾನೇ ಆರುತ್ತದೆ. ಇದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಕ್ರಿಲಿಕ್ ಅಂತ ಗೊತ್ತಿದ್ದರೆ ತಂಗಿಗೆ ‘ಇದನ್ನು ಹಾಕಿ ಒಲೆಯ ಹತ್ತಿರ ಬಿಡಬೇಡ’ ಅಂತ ಹೇಳುತ್ತಿದ್ದೆ. ಗೊತ್ತಿಲ್ಲದೆ ‘ಶುದ್ಧ ಉಣ್ಣೆ’ ಅಂತ ಹೆಮ್ಮೆಯಿಂದ ಕಳಿಸುವವಳಿದ್ದೆ.

ಮಾರಿದವರಿಗೆ ಸುಟ್ಟ ವಿಡಿಯೊ ಕಳಿಸಿದೆ. ಮೊದಲು ‘ಬ್ಲೆಂಡ್ ಇರಬಹುದು’ ಅಂದರು, ಅಂದರೆ ಉಣ್ಣೆಗೆ ಬೇರೆ ನೂಲು ಬೆರೆಸಿದ್ದು. ಬ್ಲೆಂಡ್ ಆದರೆ ಕೂದಲಿನ ವಾಸನೆ ಸ್ವಲ್ಪವಾದರೂ ಬರಬೇಕಲ್ಲ ಅಂದೆ. ‘ಪೊಟ್ಟಣ ಬಿಡಿಸುವ ವಿಡಿಯೊ ಇದೆಯಾ? ಬಳಸಿದ ನೂಲು ವಾಪಸ್ ಇಲ್ಲ’ ಅಂದರು. ಮತ್ತೆ ಬ್ಲಾಕ್.

ಅವರ ಫೋಟೊದ ಕೆಳಗೆ ಮಗನ ಫೋನಿನಿಂದ ನಾಲ್ಕು ಸಾಲು ಬರೆದೆ. ಎರಡು ದಿನ ಬಿಟ್ಟು ಬೇರೆ ನಂಬರಿನಿಂದ ಫೋನು. ‘ಕಸ್ಟಮರ್ ಕೇರ್’, ತುಂಬ ಮರ್ಯಾದೆಯ ಮಾತು, ಪೂರ್ತಿ ದುಡ್ಡು ವಾಪಸ್ ಕೊಡುತ್ತಾರಂತೆ. ಒಂದು ಕ್ಯೂಆರ್ ಕೋಡ್ ಕಳಿಸಿದರು, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರು. ನಾನು ಸ್ಕ್ಯಾನ್ ಮಾಡಿಯೂ ಆಗಿತ್ತು. ಪ್ಲಸ್ ಒನ್ ಓದುವ ಮಗ ಪಕ್ಕದಲ್ಲಿ ದೋಸೆ ತಿನ್ನುತ್ತಿದ್ದ. ‘ಅಮ್ಮಾ, ದುಡ್ಡು ಬರ್ಲಿಕ್ಕೆ ಪಿನ್ ಎಂತಕ್ಕೆ?’ ಅಂದ. ದುಡ್ಡು ಬರಲಿಕ್ಕೆ ಪಿನ್ ಬೇಡ, ನಮ್ಮ ಖಾತೆಯಿಂದ ಹೋಗಲಿಕ್ಕೆ ಬೇಕು. ಬ್ಯಾಂಕಿನ ಬೋರ್ಡಿನಲ್ಲಿ ನೂರು ಸಲ ಓದಿದ್ದೇನೆ. ಆದರೂ ಸಿಟ್ಟಿನಲ್ಲಿ ಇರುವಾಗ ತಲೆ ಓಡುವುದಿಲ್ಲ. ಹಾಗೆ ದುಡ್ಡು ಹೋದವರು ತಡಮಾಡದೆ 1930ಕ್ಕೆ ಫೋನು ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ನನ್ನ ದೂರು ಗ್ರಾಹಕರ ಸಹಾಯವಾಣಿ 1915ಕ್ಕೆ ಹೋಗಿದೆ. ಕನ್ನಡದಲ್ಲೇ ಮಾತಾಡಿದೆ. ಮಾರಿದವರ ವಿಳಾಸ ಕೊಡಿ ಅಂದಾಗ ನನ್ನ ಬಳಿ ಇದ್ದದ್ದು ಒಂದು ಯುಪಿಐ ಐಡಿ, ಬ್ಲಾಕ್ ಆದ ಒಂದು ನಂಬರ್. ಆನ್‌ಲೈನಿನಲ್ಲಿ ಮಾರುವವರು ಹೆಸರು, ವಿಳಾಸ, ದೂರು ಕೇಳುವವರ ವಿವರ ಹಾಕಲೇಬೇಕು ಅಂತ 2020ರಿಂದ ನಿಯಮವೇ ಇದೆ. ಅದಿಲ್ಲದ ಪುಟದಿಂದ ನಾನು ಯಾಕೆ ತೆಗೆದುಕೊಂಡೆ ಅಂತ ನಮ್ಮ ಯಜಮಾನರು ಕೇಳಿದರು. ಉತ್ತರ ಇರಲಿಲ್ಲ, ಸುಮ್ನೆ ಚಹಾ ತಂದು ಕೊಟ್ಟೆ.

ಈಗ ನಾನು ಹೀಗೆ ಮಾಡುತ್ತೇನೆ. ಹೊಸ ಕಡೆಯಿಂದ ಮೊದಲು ಒಂದೇ ಉಂಡೆ, ಬಿಲ್ಲಿನ ಸಮೇತ. ಬಂದ ಕೂಡಲೇ ಮಗನಿಗೆ ಫೋನು ಕೊಟ್ಟು ಬಿಡಿಸುವ ವಿಡಿಯೊ, ತಕ್ಕಡಿಯ ಮೇಲೆ ಇಡುವುದರ ತನಕ. ಕಡ್ಡಿಗೆ ಏರಿಸುವ ಮೊದಲು ಒಂದು ಗೇಣು ನೂಲು ದೀಪಕ್ಕೆ. ಇನ್ನೊಂದು ತುಂಡನ್ನು ಒದ್ದೆ ಮಾಡಿ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಒತ್ತಿ ನೋಡುತ್ತೇನೆ, ಬಣ್ಣ ಬಿಡುತ್ತದಾ ಅಂತ. ಆಗುವುದಾದರೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಲೇಬಲ್ ಓದಿ, ಒಂದೇ ಲಾಟ್ ನಂಬರಿನ ಉಂಡೆಗಳನ್ನು ಆರಿಸಿ ತರುತ್ತೇನೆ. ಬಸ್ಸಿನ ಖರ್ಚು ಸೇರಿಸಿದರೂ ಲಾಭವೇ.

ಹಸಿರು ಸ್ವೆಟರನ್ನು ಬಿಚ್ಚಿ ಉಂಡೆ ಮಾಡಿದ್ದೇನೆ. ಅತ್ತೆ ಅದರಲ್ಲಿ ಬಾಗಿಲಿಗೆ ಮಾವಿನೆಲೆಯ ತೋರಣ ಮಾಡು ಅಂದಿದ್ದಾರೆ, ಎರಡು ಬಣ್ಣದ ಹಸಿರು ಅದಕ್ಕೆ ಒಳ್ಳೆಯದೇ ಅಂತೆ. ಮಗುವಿಗೆ ಸದ್ಯಕ್ಕೆ ಕುಲುವಿನ ಉಣ್ಣೆಯಲ್ಲಿ ಟೋಪಿ ಹೋಗಿದೆ.

ಮಗ ಆ ಪುಟದ ಫೋಟೊವನ್ನು ಗೂಗಲ್ ಲೆನ್ಸಿನಲ್ಲಿ ಹಾಕಿ ನೋಡಿದ. ಅದು ಯಾವುದೋ ಹೊರದೇಶದ ಬಣ್ಣಗಾರ್ತಿಯ ಫೋಟೊ, ಹಿಂದೆ ಕಿಟಕಿಯಲ್ಲಿ ಹಿಮ ಕಾಣುತ್ತದೆ. ಆರ್ಡರ್ ಮಾಡುವಾಗ ನನಗೆ ಆ ಹಿಮ ಕಂಡಿರಲೇ ಇಲ್ಲ. ನಿನ್ನೆ ಅದೇ ಫೋಟೊ ಮತ್ತೆ ಕಣ್ಣಿಗೆ ಬಿತ್ತು. ಪುಟದ ಹೆಸರು ಬೇರೆ, ಬೆಲೆ 599, ‘ಮೂರೇ ಲಡಿ ಬಾಕಿ’ ಅಂತ ಕೆಳಗೆ ಬರೆದಿದ್ದಾರೆ.