ಸಮುದ್ರ ಮಟ್ಟದ ಪ್ರಯೋಗ ಕಿಟ್: ತೆಗೆದುಕೊಳ್ಳಬಹುದು, ದಿಮ್ಮಿಯನ್ನು ಮಾತ್ರ ಸರಿಮಾಡಿಕೊಳ್ಳಿ

ಧ್ರುವಗಳ ಮಂಜುಗಡ್ಡೆ ಕರಗಿದರೆ ಕಡಲು ಏಕೆ ಏರುತ್ತದೆ ಎಂದು ತೋರಿಸುವ ಕಿಟ್ ಕೋಲಾರದ ಶಾಲಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತಿದೆ. 20 × 12 ಸೆಂ.ಮೀ. ತಳದ ಎರಡು ಅಕ್ರಿಲಿಕ್ ತೊಟ್ಟಿ, ನೆಲವೆಂದು ಇಡಲು ಪ್ಲಾಸ್ಟಿಕ್ ದಿಮ್ಮಿ, 200 ಗ್ರಾಂ ಐಸ್‌ನ ಎರಡು ಅಚ್ಚು, ಉಪ್ಪಿನ ಪೊಟ್ಟಣ, ಕೊಳವೆ ಸಮೇತ 250 ಮಿ.ಲೀ. ಫ್ಲಾಸ್ಕ್ ಇದರಲ್ಲಿವೆ. ಹೈಸ್ಕೂಲಿಗೆ ಒಳ್ಳೆಯ ಸಾಮಗ್ರಿ.

ದೊಡ್ಡ ದೋಷ ದಿಮ್ಮಿಯದು. ಒಳಗೆ ಟೊಳ್ಳು, ಹಾಗಾಗಿ ನೀರು ಹಾಕಿದ ಕೂಡಲೇ ತೇಲುತ್ತದೆ. ಆಗ ಐಸಿನ ಭಾರ ನೀರಿನ ಮೇಲೆಯೇ ಬಿದ್ದು ಮಟ್ಟ ಮೊದಲೇ ಏರಿಬಿಡುತ್ತದೆ; ಕರಗಿದ ಮೇಲೆ ಏನೂ ಬದಲಾಗುವುದಿಲ್ಲ. ಮಕ್ಕಳು ತಪ್ಪು ಪಾಠ ಕಲಿಯುತ್ತಾರೆ. ತಳಕ್ಕೆ ತೂತು ಕೊರೆದು ಒಣ ಮರಳು ಒತ್ತಿ ತುಂಬಿ, ಎಂ-ಸೀಲ್ ಹಚ್ಚಿ ಒಂದು ರಾತ್ರಿ ಒಣಗಿಸಿ. ಬದಲಿಗೆ ಇಟ್ಟಿಗೆ ಬೇಡ, ಅದು ನೀರು ಹೀರುತ್ತದೆ. ನಮ್ಮ ಕಡೆ ಧಾರಾಳವಾಗಿ ಸಿಗುವ ಗ್ರಾನೈಟ್ ತುಂಡು ಆಗುತ್ತದೆ.

ದಿಮ್ಮಿಯ ತಳ 10 × 8 ಸೆಂ.ಮೀ., ಎತ್ತರ 6. ಸುತ್ತ 640 ಮಿ.ಲೀ. ನೀರು ಹಾಕಿದರೆ ಮಟ್ಟ 4 ಸೆಂ.ಮೀ.ಗೆ ನಿಲ್ಲುತ್ತದೆ. ಐಸನ್ನು ಬಟ್ಟೆಯಲ್ಲಿ ಒರೆಸಿ ಮೇಲಿಡಿ. ಪೂರ್ತಿ ಕರಗಿದಾಗ ಮಟ್ಟ 1.25 ಸೆಂ.ಮೀ. ಏರಬೇಕು. ಎರಡನೇ ತೊಟ್ಟಿಯಲ್ಲಿ 960 ಮಿ.ಲೀ. ನೀರಿಗೆ ಐಸ್ ತೇಲಿಬಿಟ್ಟ ಮೇಲೆ ಗೆರೆ ಹಾಕಿ, ಮೊದಲೇ ಅಲ್ಲ. ಗಡ್ಡೆ ತಳ ಮುಟ್ಟಕೂಡದು. ಕರಗಿದರೂ ನೀರು ಅದೇ ಗೆರೆಯಲ್ಲಿರುತ್ತದೆ. ಒಂದು ಪೀರಿಯಡ್‌ನಲ್ಲಿ ಇದು ಮುಗಿಯುವುದಿಲ್ಲ. ಬೆಳಿಗ್ಗೆ ಇಟ್ಟು ಮಧ್ಯಾಹ್ನದ ಊಟ ಆದಮೇಲೆ ನೋಡಿ, ಆತುರಕ್ಕೆ ಬಿಸಿನೀರು ಸುರಿಯಬೇಡಿ.

ಉಪ್ಪನ್ನು ಮೊದಲ ಸಲ ಬಳಸದಿರುವುದೇ ಒಳ್ಳೆಯದು. ಲೀಟರಿಗೆ 35 ಗ್ರಾಂ ಬೆರೆಸಿದರೆ ತೇಲುವ ಐಸ್ ಕೂಡ ಮಟ್ಟವನ್ನು ಕೂದಲೆಳೆಯಷ್ಟು ಏರಿಸುತ್ತದೆ, ಸುಮಾರು 0.2 ಮಿ.ಮೀ. ಅಳತೆಪಟ್ಟಿಯಲ್ಲಿ ಅದು ಕಾಣದು, ಗೊಂದಲವಷ್ಟೇ ಉಳಿಯುತ್ತದೆ.

ನಮಗೆ ಹೆಚ್ಚು ಇಷ್ಟವಾದದ್ದು ಫ್ಲಾಸ್ಕ್. ಕಡಲು ಏರಲು ಐಸ್ ಕರಗುವುದೊಂದೇ ಕಾರಣವಲ್ಲ, ಬಿಸಿಯಾದ ನೀರು ಹಿಗ್ಗುವುದೂ ಕಾರಣ. 4 ಮಿ.ಮೀ. ರಂಧ್ರದ ಕೊಳವೆಯಲ್ಲಿ 25ರಿಂದ 35 ಡಿಗ್ರಿಗೆ ನೀರು ಐದಾರು ಸೆಂ.ಮೀ. ಮೇಲೇರುವುದನ್ನು ಹಿಂದಿನ ಬೆಂಚಿನವರೂ ನೋಡಬಹುದು. ಕುದಿಸಿ ಆರಿಸಿದ ನೀರನ್ನೇ ತುಂಬಿ. ಬಿರಡೆಯ ಕೆಳಗೆ ಗುಳ್ಳೆ ಉಳಿದರೆ ಗಾಳಿಯೇ ಹಿಗ್ಗಿ ಲೆಕ್ಕ ಕೆಡುತ್ತದೆ.

ಕೈಪಿಡಿಯನ್ನು ನಂಬಬೇಡಿ. ಆರ್ಕ್ಟಿಕ್ ಸಾಗರದ ತೇಲುವ ಮಂಜನ್ನೂ ಗ್ರೀನ್‌ಲ್ಯಾಂಡಿನ ನೆಲದ ಮಂಜನ್ನೂ ಅದು ಒಂದೇ ಮಾಡಿದೆ. ಗ್ರೀನ್‌ಲ್ಯಾಂಡ್ ಪೂರ್ತಿ ಕರಗಿದರೆ ಸುಮಾರು 7 ಮೀಟರ್, ಅಂಟಾರ್ಕ್ಟಿಕಾ ಕರಗಿದರೆ ಸುಮಾರು 58 ಮೀಟರ್. ಅದಕ್ಕೆ ಶತಮಾನಗಳೇ ಬೇಕು. 1901ರಿಂದ 2018ರವರೆಗೆ ಕಡಲು ಏರಿರುವುದು ಸುಮಾರು 20 ಸೆಂ.ಮೀ. 'ಕೋಲಾರ ಮುಳುಗುತ್ತಾ ಸಾರ್?' ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮೂರು 800 ಮೀಟರಿಗೂ ಎತ್ತರದಲ್ಲಿದೆ, ಮುಳುಗುವುದಿಲ್ಲ. ಕಾರವಾರ, ಮಂಗಳೂರಿನ ತೀರದವರಿಗೆ ಒಂದೊಂದು ಸೆಂ.ಮೀ. ಕೂಡ ಲೆಕ್ಕವೇ, ಬಾವಿಗೆ ಉಪ್ಪುನೀರು ನುಗ್ಗುವ ಅಪಾಯ ಅಲ್ಲಿದೆ ಎಂದು ಅದೇ ತರಗತಿಯಲ್ಲಿ ಹೇಳಿ.

ಕೊಳ್ಳುವಾಗ ಅಂಗಡಿಯಲ್ಲೇ ಎರಡೂ ತೊಟ್ಟಿಗೆ ನೀರು ತುಂಬಿಸಿ ಹತ್ತು ನಿಮಿಷ ಕಾಯಿರಿ. ಮೂಲೆಯ ಅಂಟು ಬಿಟ್ಟಿದ್ದರೆ ಅಲ್ಲೇ ಬದಲಾಯಿಸಿಕೊಳ್ಳಬಹುದು.