ಹಾರುವ ಮೊದಲೇ ಹೋದ ಬೆರಳು: ಪ್ಯಾರಾಮೋಟರ್ ಕಲಿಯಲು ಹೊರಟವರಿಗೆ

ಇದನ್ನು ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಎಡಗೈಯ ಬ್ಯಾಂಡೇಜ್ ಇನ್ನೂ ಬಿಚ್ಚಿಲ್ಲ. ತೋರುಬೆರಳಿನ ತುದಿ ಗೆಣ್ಣು ಹೋಗಿದೆ. ನಡುಬೆರಳು ಉಳಿದಿದೆ, ಆದರೆ ಒಳಗೆ ತಂತಿ ಹಾಕಿ ಮೂಳೆ ಕೂಡಿಸಿದ್ದಾರೆ. ಮಡಚಲು ಬರುತ್ತೋ ಇಲ್ವೋ ಕಾದು ನೋಡಬೇಕು.

"ಮೇಲಿಂದ ಬಿದ್ರಾ?" ಅಂತಲೇ ಎಲ್ಲರೂ ಕೇಳುತ್ತಾರೆ. ಬಿದ್ದಿಲ್ಲ. ಆ ದಿನ ನಾನು ಹಾರಿಯೇ ಇರಲಿಲ್ಲ. ನೆಲದ ಮೇಲೆ ಮೊಣಕಾಲೂರಿ ಕೂತು ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ಯಾರಾಮೋಟರ್ ಅಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಎಂಜಿನ್, ಅದರ ಹಿಂದೆ ಪ್ರೊಪೆಲ್ಲರ್, ತಲೆಯ ಮೇಲೆ ಬಟ್ಟೆಯ ವಿಂಗ್. ಓಡಿ ಏರುವುದು, ಓಡಿ ಇಳಿಯುವುದು. ಚಕ್ರ ಇಲ್ಲ, ರನ್‌ವೇ ಬೇಡ. ನೋಡಿದರೆ ಆಟದ ಸಾಮಾನಿನ ಹಾಗಿದೆ. ನಾನು ಮೋಸ ಹೋಗಿದ್ದೂ ಅಲ್ಲೇ.

ಅವತ್ತು ಬೆಳಗ್ಗೆ ಚಳಿ. ಹಿಂದಿನ ದಿನ ಸಂಜೆ ಹಾರಿ ಇಳಿದವನು ಎಂಜಿನ್ ಆರಿಸಿ ಹಾಗೇ ಇಟ್ಟಿದ್ದೆ. ಬೆನ್ನಿಗೆ ಹಾಕಿಕೊಂಡು ಏಳೆಂಟು ಸಲ ಹಗ್ಗ ಎಳೆದೆ, ಹತ್ತಲಿಲ್ಲ. ಭುಜ ಸೋತಿತು. ಸೂರ್ಯ ಏರುತ್ತಿದ್ದಾನೆ, ಗಾಳಿ ಎದ್ದರೆ ಇವತ್ತಿನ ಹಾರಾಟ ಕೆಟ್ಟಿತು ಅನ್ನೋ ಆತುರ. ಯಂತ್ರವನ್ನು ಕೆಳಗಿಳಿಸಿ ಹುಲ್ಲಿನ ಮೇಲೆ ನಿಲ್ಲಿಸಿದೆ. "ಬೆನ್ನಿಗೆ ಹಾಕ್ಕೊಂಡೇ ಎಳಿಯೋ, ಇಲ್ಲಾಂದ್ರೆ ತಡಿ, ನಾನು ಹಿಡ್ಕೋತೀನಿ" ಅಂದ ಗೆಳೆಯ. ಅವನು ವಿಂಗ್ ಹರಡುತ್ತಿದ್ದ. ನಾನು ಕಾಯಲಿಲ್ಲ. ಪೆಟ್ರೋಲ್ ಪಂಪ್ ಮಾಡಿ, ಸೀಟಿನ ಕಡೆಯಿಂದ ಮೊಣಕಾಲೂರಿ, ಎಡಗೈಯಲ್ಲಿ ಪ್ರೊಪೆಲ್ಲರ್ ಸುತ್ತಲಿನ ಚೌಕಟ್ಟನ್ನು, ಅಂದರೆ ಕೇಜನ್ನು, ಮೇಲ್ಗಡೆ ಹಿಡಿದು, ಬಲಗೈಯಲ್ಲಿ ಹಗ್ಗ ಎಳೆದೆ. ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಡಿ ಆ ಕಡೆ ಬದಿಯಲ್ಲಿ ನೇತಾಡುತ್ತಿತ್ತು.

ಒಂದೇ ಎಳೆತಕ್ಕೆ ಹತ್ತಿತು. ಅದೂ ಪೂರ್ತಿ ವೇಗದಲ್ಲಿ.

ಆಗಿದ್ದು ಇಷ್ಟೇ. ಥ್ರಾಟಲ್‌ನಲ್ಲಿ ಕ್ರೂಸ್ ಅಂತ ಒಂದು ಸಣ್ಣ ತಿರುಪು ಇರುತ್ತೆ. ದೂರ ಹಾರುವಾಗ ಬೆರಳು ನೋಯದಿರಲಿ ಅಂತ ಅದನ್ನು ಬಿಗಿ ಮಾಡಿದರೆ ಥ್ರಾಟಲ್ ಒತ್ತಿದಲ್ಲೇ ನಿಲ್ಲುತ್ತೆ. ಹಿಂದಿನ ಸಂಜೆ ಬಿಗಿ ಮಾಡಿದ್ದೆ. ಇಳಿಯುವಾಗ ಕಿಲ್ ಸ್ವಿಚ್ ಒತ್ತಿ ಎಂಜಿನ್ ಆರಿಸಿದೆ, ತಿರುಪು ಸಡಿಲಿಸಲಿಲ್ಲ. ರಾತ್ರಿಯೆಲ್ಲ ಥ್ರಾಟಲ್ ತೆರೆದೇ ಇತ್ತು. ಬೆಳಗ್ಗೆ ನಾನು ಅದನ್ನು ಮುಟ್ಟಿ ನೋಡಲೇ ಇಲ್ಲ.

ಪ್ರೊಪೆಲ್ಲರ್ ಯಂತ್ರವನ್ನು ಮುಂದಕ್ಕೆ ತಳ್ಳುತ್ತೆ, ಅಂದರೆ ನನ್ನ ಎದೆಯ ಕಡೆಗೆ. ನನ್ನ ಎಂಜಿನ್‌ನ ತಳ್ಳುವ ಬಲ 60 ಕಿಲೋ ಮೀರುತ್ತೆ. ಅಷ್ಟು ಭಾರ ಒಮ್ಮೆಲೇ ಮೈಮೇಲೆ ಬಂದಾಗ ಯೋಚನೆ ಮಾಡಲು ಸಮಯ ಎಲ್ಲಿ? ಕೈ ತಾನಾಗೇ ಅದನ್ನು ಹಿಂದಕ್ಕೆ ಒತ್ತಿತು. ಒತ್ತಿದ್ದು ಬಲೆಯ ಮೇಲೆ. ಕೇಜ್‌ನ ಬಲೆ ಅಂದರೆ ನೈಲಾನ್ ದಾರ ಅಷ್ಟೇ. ಹಾರುವಾಗ ಲೈನ್‌ಗಳು, ಅಂದರೆ ವಿಂಗಿನ ದಾರಗಳು, ಒಳಗೆ ಹೋಗದಂತೆ ತಡೆಯೋಕೆ ಇರೋದು, ಕೈ ತಡೆಯೋಕಲ್ಲ. ಅದು ಒಳಕ್ಕೆ ಬಾಗಿತು. ಟಕ್ ಅಂತ ಒಂದು ಸದ್ದು. ನೋವು ಗೊತ್ತಾಗಲಿಲ್ಲ, ಕೈ ಮರಗಟ್ಟಿದ ಹಾಗಾಯಿತು. ಯಂತ್ರ ಪಕ್ಕಕ್ಕೆ ಉರುಳಿತು, ಪ್ರೊಪೆಲ್ಲರ್ ನೆಲಕ್ಕೆ ಬಡಿದು ಚೂರಾಗಿ ನಾಲ್ಕು ದಿಕ್ಕಿಗೂ ಹಾರಿತು. ಎಂಜಿನ್ ಮಾತ್ರ ಕಿರುಚುತ್ತಲೇ ಇತ್ತು. ಗೆಳೆಯ ಓಡಿಬಂದು ಹುಲ್ಲಲ್ಲಿ ತಡಕಾಡಿ, ಥ್ರಾಟಲ್ ಹುಡುಕಿ ಕೆಂಪು ಗುಂಡಿ ಒತ್ತಿದ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. 125 ಸೆಂಟಿಮೀಟರ್ ಅಡ್ಡಳತೆಯ ಪ್ರೊಪೆಲ್ಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 630 ಕಿಲೋಮೀಟರ್ ದಾಟುತ್ತೆ. ಎರಡು ಬೆರಳಿನ ಪೆಟ್ಟಿಗೇ ತಪ್ಪಿಸಿಕೊಂಡೆ. ಮುಖವೋ ಕುತ್ತಿಗೆಯೋ ಆಗಬಹುದಿತ್ತು.

ಗೆಳೆಯ ಸಿಕ್ಕ ಬೆರಳಿನ ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು, ಆ ಕವರನ್ನು ಐಸ್ ಮೇಲೆ ಇಟ್ಟುಕೊಂಡು ಬಂದಿದ್ದ. ಅದೇ ಸರಿಯಾದ ಕ್ರಮ, ನೇರ ಐಸ್‌ಗೆ ಹಾಕಬಾರದು. ನನ್ನ ವಿಷಯದಲ್ಲಿ ಪ್ರಯೋಜನ ಆಗಲಿಲ್ಲ. ಪ್ರೊಪೆಲ್ಲರ್ ಚಾಕುವಿನ ಹಾಗೆ ಕತ್ತರಿಸಲ್ಲ, ಜಜ್ಜಿ ಹಾಕುತ್ತೆ. ಜೋಡಿಸಲು ಏನೂ ಉಳಿದಿಲ್ಲ ಅಂದರು ಡಾಕ್ಟರ್.

ಇದು ಬರೀ ನನ್ನ ಆತುರದ ಕತೆಯಾಗಿದ್ದರೆ ಇಷ್ಟು ಕಷ್ಟಪಟ್ಟು ಬರೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಪ್ರಶ್ನೆ ಕೊರೆಯುತ್ತಿತ್ತು. ಎಂಜಿನ್ ಸ್ಟಾರ್ಟ್ ಮಾಡೋದು ಹೇಗೆ ಅಂತ ನನಗೆ ಯಾರಾದರೂ ಕಲಿಸಿದ್ದರಾ? ಇಲ್ಲ. ಒಂದು ಸಲವೂ ಇಲ್ಲ. ಕ್ಲಾಸಿನ ದಿನಗಳಲ್ಲಿ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದದ್ದು ಮೇಷ್ಟ್ರು. ಸ್ಟಾರ್ಟ್ ಆಗಿರೋ ಯಂತ್ರ ಬೆನ್ನ ಮೇಲಿರುತ್ತಿತ್ತು, ನಾನು ಓಡಬೇಕಿತ್ತು, ಅಷ್ಟೇ.

ಅದು ಮೂರು ದಿನದ ಕೋರ್ಸ್. "ಏನೂ ಇಲ್ಲ ಸರ್, ಸೈಕಲ್ ಕಲಿತ ಹಾಗೆ. ಮೂರನೇ ದಿನ ನೀವು ಆಕಾಶದಲ್ಲಿ" ಅಂದಿದ್ದರು. ಮಾತಿಗೆ ತಪ್ಪಲಿಲ್ಲ, ಮೂರನೇ ದಿನ ಆಕಾಶದಲ್ಲಿದ್ದೆ. ಮೊದಲ ದಿನ ಒಂದೂವರೆ ಗಂಟೆ ನೆಲದ ಮೇಲೆ ವಿಂಗ್ ಆಡಿಸಿದೆವು. ಗಾಳಿ ನಿಂತಿತು, ಅಲ್ಲಿಗೆ ಅದು ಮುಗಿಯಿತು. ಇದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಅಂತಾರೆ. ಎಂಜಿನ್ ಇಲ್ಲದೆ ವಿಂಗನ್ನು ಗಾಳಿಗೆ ಎತ್ತಿ, ತಲೆ ಮೇಲೆ ನಿಲ್ಲಿಸಿ, ವಾಲಿದರೆ ಅದರ ಕೆಳಗೆ ಓಡಿ, ಬ್ರೇಕ್ (ವಿಂಗಿನ ಹಿಂದಿನ ಅಂಚನ್ನು ಕೆಳಕ್ಕೆ ಎಳೆಯುವ ಹಿಡಿ) ಎಷ್ಟು ಎಳೆದರೆ ಏನಾಗುತ್ತೆ ಅಂತ ಕೈಗೆ ಅಭ್ಯಾಸ ಮಾಡಿಸುವುದು. ಬೇಜಾರಿನ ಕೆಲಸ, ಬೆವರಿನ ಕೆಲಸ. ಆದರೆ ಪ್ಯಾರಾಮೋಟರ್ ಕಲಿಯೋದರಲ್ಲಿ ಮುಕ್ಕಾಲು ಪಾಲು ಇದೇ ಅಂತ ನನಗೆ ಈಗ ಅನ್ನಿಸುತ್ತೆ. ಒಂದೂವರೆ ಗಂಟೆಗೆ ವಿಂಗ್ ನಿಮ್ಮ ಮಾತು ಕೇಳಲ್ಲ. ನೀವು ಅದರ ಮಾತು ಕೇಳುವ ಹಾಗಾಗಿರುತ್ತೆ.

ನನ್ನ ಮೊದಲ ಹಾರಾಟದಲ್ಲಿ ಅದೇ ಆಯಿತು. ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ಎಂಜಿನ್ ಸಮೇತ ನಾವು ಇನ್ನೊಂದು ಕಡೆ ತಿರುಚಿಕೊಳ್ಳುತ್ತೇವೆ. ಪೂರ್ತಿ ಥ್ರಾಟಲ್‌ನಲ್ಲಿ ಇದು ಜಾಸ್ತಿ. ಇದನ್ನು ಯಾರೂ ಹೇಳಿರಲಿಲ್ಲ. ನೆಲ ಬಿಟ್ಟ ಕೂಡಲೇ ವಿಂಗ್ ಒಂದು ಕಡೆ ವಾಲಿತು. ಗಾಬರಿಯಲ್ಲಿ ಎದುರು ಕಡೆಯ ಬ್ರೇಕ್ ಎಳೆದೆ. ಎಳೆದದ್ದು ಕೆಲಸ ಮಾಡುವ ಹೊತ್ತಿಗೆ ವಿಂಗ್ ತಾನೇ ವಾಪಸ್ ಬರುತ್ತಿತ್ತು, ಎರಡೂ ಸೇರಿ ಆ ಕಡೆಗೆ ಇನ್ನೂ ಜಾಸ್ತಿ ವಾಲಿತು. ಮತ್ತೆ ಈ ಕಡೆ ಎಳೆದೆ. ತೊಟ್ಟಿಲು ತೂಗಿದ ಹಾಗೆ ನಾನೇ ತೂಗಿಕೊಂಡೆ. ರೇಡಿಯೋದಲ್ಲಿ ಮೇಷ್ಟ್ರು ಏನೋ ಕೂಗುತ್ತಿದ್ದರು, ಎಂಜಿನ್ ಸದ್ದಿನಲ್ಲಿ ಗರಗರ ಬಿಟ್ಟರೆ ಏನೂ ಕೇಳಿಸಲಿಲ್ಲ. ಕೈ ಸೋತು ಬ್ರೇಕ್ ಬಿಟ್ಟೆ. ಬಿಟ್ಟಿದ್ದೇ ನನ್ನನ್ನು ಉಳಿಸಿತು. ಮಾಡಬೇಕಾದದ್ದೇ ಅದು: ಕೈ ಮೇಲೆ, ಥ್ರಾಟಲ್ ನಿಧಾನಕ್ಕೆ ಇಳಿಸು, ಸುಮ್ನೆ ಕಾಯಿ. ಪೂರ್ತಿ ಥ್ರಾಟಲ್ ಕೊಟ್ಟು ಜೊತೆಗೆ ಬ್ರೇಕನ್ನೂ ಆಳಕ್ಕೆ ಎಳೆದಿದ್ದರೆ ವಿಂಗ್ ಸ್ಟಾಲ್ ಆಗುತ್ತಿತ್ತು, ಅಂದರೆ ನನ್ನನ್ನು ಎತ್ತಿ ಹಿಡಿಯುವ ಬಲವನ್ನೇ ಕಳೆದುಕೊಳ್ಳುತ್ತಿತ್ತು. ಆ ಎತ್ತರದಲ್ಲಿ ರಿಸರ್ವ್ ಪ್ಯಾರಾಶೂಟ್ ಬಿಚ್ಚಿಕೊಳ್ಳಲೂ ಜಾಗ ಇರುತ್ತಿರಲಿಲ್ಲ.

ಇಳಿದ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು. ಮೇಷ್ಟ್ರು ಬೆನ್ನು ತಟ್ಟಿ "ಸೂಪರ್ ಸರ್" ಅಂದರು. ನಾನೂ ನಂಬಿಬಿಟ್ಟೆ.

ಅದೇ ವಾರ ಅವರೇ ತಮ್ಮ ಹಳೇ ವಿಂಗ್, ಹಳೇ ಎಂಜಿನ್ ಮಾರಿದರು. ಕಲಿಸುವವರು ಸಾಮಾನು ಮಾರುವುದು ತಪ್ಪೇನಲ್ಲ, ಪ್ರಾಮಾಣಿಕವಾಗಿ ಮಾರುವವರು ಎಷ್ಟೋ ಜನ ಇದ್ದಾರೆ. ಆದರೆ ನನ್ನ ತೂಕವನ್ನು ಅವರು ಕೇಳಲೇ ಇಲ್ಲ. ವಿಂಗ್ ಆರಿಸುವಾಗ ನೋಡಬೇಕಾದದ್ದು ನಿಮ್ಮೊಬ್ಬರ ತೂಕ ಅಲ್ಲ, ನೆಲ ಬಿಡುವಾಗಿನ ಒಟ್ಟು ತೂಕ. ನಾನು 81 ಕಿಲೋ, ಎಂಜಿನ್ 26, ಹತ್ತು ಲೀಟರ್ ಪೆಟ್ರೋಲ್ ಅಂದರೆ ಏಳೂವರೆ, ವಿಂಗ್ ಐದೂವರೆ, ಹೆಲ್ಮೆಟ್ಟು ಶೂ ಬಟ್ಟೆ ಎಲ್ಲ ನಾಲ್ಕು. ಕೂಡಿದರೆ 124. ವಿಂಗ್ ಒಳಗೆ ಹೊಲಿದಿರುವ ಲೇಬಲ್‌ನಲ್ಲಿ ಗರಿಷ್ಠ 105 ಅಂತಿದೆ. ಆ ಲೇಬಲ್ ನಾನು ಓದಿದ್ದು ಬೆರಳು ಹೋದ ಮೇಲೆ! ತೂಕ ಜಾಸ್ತಿಯಾದಷ್ಟೂ ವಿಂಗ್ ವೇಗವಾಗಿ ಹೋಗುತ್ತೆ, ವೇಗವಾಗಿ ಇಳಿಯುತ್ತೆ, ಸಣ್ಣ ತಪ್ಪಿಗೂ ಚುರುಕಾಗಿ ತಿರುಗುತ್ತೆ. ಪಳಗಿದವರಿಗೆ ಅದೇ ಮಜಾ, ಹೊಸಬರಿಗೆ ಅಲ್ಲ. ಹೊಸಬರಿಗೆ ಇಎನ್ ಎ ದರ್ಜೆಯ, ಅಂದರೆ ಯುರೋಪಿನ ಸುರಕ್ಷತಾ ಪರೀಕ್ಷೆಯಲ್ಲಿ ಅತಿ ಸೌಮ್ಯ ಅನ್ನಿಸಿಕೊಂಡ, ಶಾಂತ ವಿಂಗೇ ಸರಿ.

ಬಟ್ಟೆಯ ಸ್ಥಿತಿಯೂ ಅಷ್ಟೇ. ಬಿಸಿಲಿಗೆ ನೈಲಾನ್ ಸವೆಯುತ್ತೆ, ಗಾಳಿ ಸೋರತೊಡಗುತ್ತೆ. ಹೊರಗಿನಿಂದ ನೋಡಿದರೆ ಬಣ್ಣ ಚೆನ್ನಾಗೇ ಇರುತ್ತೆ. ಬಟ್ಟೆಯಲ್ಲಿ ಗಾಳಿ ಎಷ್ಟು ಬೇಗ ಸೋರುತ್ತೆ ಅಂತ ಅಳೆಯುವ ಪರೀಕ್ಷೆ ಇದೆ, ಲೈನ್‌ಗಳ ಗಟ್ಟಿತನ ನೋಡುವ ಪರೀಕ್ಷೆ ಇದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಆ ಕಾಗದ ಕೇಳಿ. ಇಲ್ಲ ಅಂದರೆ ನೀವೇ ಮಾಡಿಸಿ, ಆಮೇಲೆ ದುಡ್ಡಿನ ಮಾತು.

ಮತ್ತೆ ಸ್ಟಾರ್ಟಿಂಗ್ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಿರೋದೇ ಅದು. ಪ್ಯಾರಾಮೋಟರ್‌ನಲ್ಲಿ ಗಂಭೀರ ಗಾಯ ಅಂದರೆ ಆಕಾಶದಿಂದ ಬೀಳುವುದು ಅಂದುಕೊಂಡಿದ್ದೆ. ಪ್ರೊಪೆಲ್ಲರ್‌ಗೆ ಕೈ ಕೊಟ್ಟವರು ಎಷ್ಟು ಜನ ಅಂತ ಗೊತ್ತಾಗಿದ್ದು ನನ್ನ ಕೈ ಕಟ್ಟಿಸಿಕೊಂಡ ಮೇಲೆ. ಹಳಬರ ಗುಂಪಿನಲ್ಲಿ ಕೇಳಿ ನೋಡಿ, ಒಬ್ಬರಾದರೂ ತಮ್ಮ ಕೈಯನ್ನೋ ಪರಿಚಯದವರ ಕೈಯನ್ನೋ ತೋರಿಸುತ್ತಾರೆ.

ಹಗ್ಗ ಎಳೆಯುವ ಮುಂಚೆ ಕ್ರೂಸ್ ತಿರುಪು ಸಡಿಲ ಇದೆಯಾ ನೋಡಿ. ಥ್ರಾಟಲ್ ಒತ್ತಿ ಬಿಡಿ, ಕಾರ್ಬುರೇಟರ್‌ನ ತೋಳು ಟಕ್ ಅಂತ ಮುಚ್ಚುವುದನ್ನು ಕಣ್ಣಾರೆ ನೋಡಿ. ಕೇಬಲ್ ಎಲ್ಲಾದರೂ ಸಿಕ್ಕಿಕೊಂಡಿದ್ದರೂ ಅಲ್ಲೇ ಗೊತ್ತಾಗುತ್ತೆ. ಥ್ರಾಟಲ್ ನಿಮ್ಮ ಕೈಯಲ್ಲೇ ಇರಲಿ, ಹೆಬ್ಬೆರಳು ಕಿಲ್ ಸ್ವಿಚ್ ಮೇಲಿರಲಿ. ಸಾಧ್ಯವಾದಷ್ಟೂ ಬೆನ್ನಿಗೆ ಕಟ್ಟಿಕೊಂಡೇ ಸ್ಟಾರ್ಟ್ ಮಾಡಿ. ನೆಲದಲ್ಲೇ ಮಾಡಬೇಕು ಅಂದರೆ ಯಂತ್ರವನ್ನು ಅಲುಗಾಡದ ಯಾವುದಕ್ಕಾದರೂ ಬಿಗಿಯಾಗಿ ಕಟ್ಟಿ, ಕೈ ಬಲೆಯ ಹತ್ತಿರಕ್ಕೂ ಹೋಗಬಾರದು, ಫ್ರೇಮ್ ಮೇಲಿರಬೇಕು. ಪ್ರೊಪೆಲ್ಲರ್‌ನ ನೇರಕ್ಕೆ, ಅಂದರೆ ಅಕ್ಕಪಕ್ಕದಲ್ಲಿ, ಯಾರೂ ನಿಲ್ಲಬಾರದು. ಒಡೆದರೆ ಚೂರು ಹಾರುವುದು ಆ ಕಡೆಗೇ. ಸ್ಟಾರ್ಟ್ ಆಗುವಾಗ ಸುತ್ತು ಒಮ್ಮೆಲೇ ಏರಿದರೆ ತಾನಾಗೇ ಆರಿಸುವ ವ್ಯವಸ್ಥೆ ಕೆಲವು ಹೊಸ ಎಂಜಿನ್‌ಗಳಲ್ಲಿ ಬಂದಿದೆ. ಸಿಕ್ಕರೆ ಬಿಡಬೇಡಿ.

ಇನ್ನೊಂದು ವಿಷಯ, ಇದು ನನಗೆ ಹೊಸದು. ನನ್ನ ಯಂತ್ರದ ಕಿಲ್ ಸ್ವಿಚ್ ವೈರ್ ಕತ್ತರಿಸುವ ಸ್ವಿಚ್ ಅಲ್ಲ, ಕೂಡಿಸುವ ಸ್ವಿಚ್. ಒತ್ತಿದಾಗ ಇಗ್ನಿಶನ್‌ನ ಕರೆಂಟನ್ನು ಅರ್ತ್‌ಗೆ ಇಳಿಸಿ ಎಂಜಿನ್ ಆರಿಸುತ್ತೆ. ಅಂದರೆ ಆ ವೈರ್ ಒಳಗೊಳಗೇ ತುಂಡಾಗಿದ್ದರೆ ಎಂಜಿನ್ ಆರಾಮಾಗಿ ಓಡುತ್ತೆ, ನಿಲ್ಲಿಸೋಕೆ ಹೋದಾಗ ಮಾತ್ರ ಗೊತ್ತಾಗುತ್ತೆ! ಎಷ್ಟೋ ಪ್ಯಾರಾಮೋಟರ್‌ಗಳಲ್ಲಿ ಹೀಗೇ ಇರುತ್ತೆ. ಹಾಗಾಗಿ ಪ್ರತಿ ಸಲ ಬಿಸಿ ಮಾಡಿದ ಮೇಲೆ ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ನಿಧಾನಕ್ಕೆ ಓಡುವಾಗ, ಒಮ್ಮೆ ಸ್ವಿಚ್ ಒತ್ತಿ ಆರಿಸಿ, ಆಮೇಲೆ ಹಾರಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಬಲಗೈ ಸೋಲುತ್ತಿದೆ. ಕಾಲಿನ ಬೆಲ್ಟ್ ಹಾಕದೆ ನೆಲ ಬಿಟ್ಟು ಕಂಕುಳಲ್ಲಿ ನೇತಾಡಿದವರಿದ್ದಾರೆ, ಹಾಗಾಗಿ ಮೊದಲು ಕಾಲಿನ ಬೆಲ್ಟ್, ಬಿಚ್ಚುವಾಗ ಅದೇ ಕೊನೆ. ಕಲಿಯುವಾಗ ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಎರಡು ಗಂಟೆ ಸಾಕು. ಬಿಸಿಲು ಏರಿದ ಮೇಲೆ ನೆಲದಿಂದ ಬಿಸಿಗಾಳಿ ಏಳುತ್ತೆ, ವಿಂಗ್ ಕುಣಿಯುತ್ತೆ. ಮರದ ಸಾಲಿನ ಹಿಂದೆ, ಗಾಳಿ ಹೋಗುವ ದಿಕ್ಕಿನಲ್ಲಿ, ಕಣ್ಣಿಗೆ ಕಾಣದ ಸುಳಿಗಾಳಿ ಇರುತ್ತೆ, ಅಲ್ಲಿ ಇಳಿಯಬೇಡಿ. ಕರೆಂಟ್ ತಂತಿ ಮೇಲಿಂದ ಕಾಣಲ್ಲ, ಕಂಬ ಹುಡುಕಿ. ಎಂಜಿನ್ ನಿಂತರೆ ದಡ ಮುಟ್ಟುವಷ್ಟು ಎತ್ತರ ಇಲ್ಲದೆ ನೀರಿನ ಮೇಲೆ ಹೋಗಬೇಡಿ. ಬೆನ್ನ ಮೇಲಿನ ಎಂಜಿನ್ ಮುಖ ಕೆಳಗೆ ಮಾಡಿ ಮುಳುಗಿಸುತ್ತೆ, ಈಜು ಬಂದರೂ ಅಷ್ಟೇ.

ಮೇಷ್ಟ್ರನ್ನು ಆರಿಸುವಾಗ "ಎಷ್ಟು ದಿನದಲ್ಲಿ ಹಾರಿಸ್ತೀರಾ" ಅಂತ ಕೇಳಬೇಡಿ, ನಾನು ಕೇಳಿದ್ದು ಅದೊಂದೇ. ನೆಲದ ಮೇಲೆ ಎಷ್ಟು ಗಂಟೆ ಆಡಿಸ್ತೀರಾ, ಎಂಜಿನ್ ಸ್ಟಾರ್ಟ್ ಮಾಡೋದನ್ನು ನನ್ನ ಕೈಯಲ್ಲಿ ಎಷ್ಟು ಸಲ ಮಾಡಿಸ್ತೀರಾ, ಗಾಳಿ ಸರಿ ಇಲ್ಲದ ದಿನ ಏನು ಮಾಡ್ತೀರಾ ಅಂತ ಕೇಳಿ. ಕೊನೇ ಪ್ರಶ್ನೆಗೆ "ಹಾರಲ್ಲ, ಮನೆಗೆ ಹೋಗ್ತೀವಿ" ಅಂದರೆ ಒಳ್ಳೆ ಲಕ್ಷಣ.

ಮೊನ್ನೆ ಬೇರೊಬ್ಬ ಮೇಷ್ಟ್ರ ಹತ್ತಿರ ಹೋಗಿದ್ದೆ. ವಯಸ್ಸಾದವರು, ಮಾತು ಕಡಿಮೆ. ನನ್ನ ಕೈ ನೋಡಿ "ಕ್ರೂಸಾ?" ಅಂದರು. ಹೌದು ಅಂದೆ. ತಮ್ಮ ಥ್ರಾಟಲ್ ತಂದು ತೋರಿಸಿದರು, ತಿರುಪು ಇರಬೇಕಾದ ಜಾಗದಲ್ಲಿ ಖಾಲಿ ತೂತು. "ಗಾಯ ಒಣಗಲಿ. ಆಮೇಲೆ ಬನ್ನಿ. ಮೊದಲ ಹತ್ತು ಗಂಟೆ ಬರೀ ವಿಂಗು, ಎಂಜಿನ್ ಮನೇಲೇ ಬಿಟ್ಟು ಬನ್ನಿ" ಅಂದರು. ಎಂಜಿನ್ ಹೇಗೂ ಮನೆಯಲ್ಲೇ ಇದೆ, ಪ್ರೊಪೆಲ್ಲರ್ ಇಲ್ಲದೆ, ಮೂಲೆಯಲ್ಲಿ. ಎರಡು ಬೆರಳಿಗೆ ಪೆಟ್ಟಾದ ಎಡಗೈಗೆ ಬ್ರೇಕ್ ಹಿಡಿಯಲು ಬರುತ್ತಾ ಅಂತ ನೋಡಲು ಬಾಗಿಲ ಚಿಲಕಕ್ಕೆ ಒಂದು ಹಿಡಿ ಕಟ್ಟಿ ಎಳೆದು ಎಳೆದು ನೋಡುತ್ತಿದ್ದೇನೆ.